ಕಡ್ಡಿ ತುಂಬ ಪುಟ್ಟ ಕುಂಬಳ: ದಸರಾ, ದೀಪಾವಳಿ ಅಲಂಕಾರಕ್ಕೆ ಕೆಂಪು ಬದನೆ ಬೆಳೆಯುವ ಸಮಗ್ರ ಮಾರ್ಗದರ್ಶಿ

ಮೂರರಿಂದ ನಾಲ್ಕು ಅಡಿ ಎತ್ತರದ ಮುಳ್ಳು ಗಿಡ. ಕಾಂಡದ ಉದ್ದಕ್ಕೂ ಗೊಂಚಲು ಗೊಂಚಲಾಗಿ ಕಾಯಿ. ಒಂದೊಂದೂ ಸುಮಾರು ಎರಡು ಅಂಗುಲ ಅಗಲ, ಸುತ್ತಲೂ ಆಳವಾದ ಗೀರು, ಹಣ್ಣಾದಾಗ ಕಡು ಕಿತ್ತಳೆ ಬಣ್ಣ. ಎಲೆಯನ್ನೆಲ್ಲ ಕಿತ್ತು ನಿಲ್ಲಿಸಿದರೆ ಪುಟಾಣಿ ಕುಂಬಳಕಾಯಿಗಳನ್ನು ಕಡ್ಡಿಗೆ ಪೋಣಿಸಿಟ್ಟಂತೆ ಕಾಣುತ್ತದೆ. ಬೀಜದ ಪೊಟ್ಟಣದ ಮೇಲೆ ‘ಪಂಪ್ಕಿನ್ ಆನ್ ಎ ಸ್ಟಿಕ್’ ಎಂದಿರುವುದು ಇದೇ ಗಿಡ. ಇದು ನಮ್ಮ ಬದನೆಯ ದಾಯಾದಿ. ಸಸ್ಯಶಾಸ್ತ್ರದ ಹೆಸರು ಸೊಲ್ಯಾನಮ್ ಈಥಿಯೋಪಿಕಮ್, ಮೂಲ ಆಫ್ರಿಕಾ. ಅಮೆರಿಕದಲ್ಲಿ ಅಕ್ಟೋಬರ್, ನವೆಂಬರ್ ತಿಂಗಳ ಮನೆ ಅಲಂಕಾರಕ್ಕೆಂದೇ ಇದನ್ನು ಬೆಳೆದು ಕಡ್ಡಿ ಲೆಕ್ಕದಲ್ಲಿ ಮಾರುತ್ತಾರೆ.

ಬಳ್ಳಾರಿ, ರಾಯಚೂರು, ಕೊಪ್ಪಳದ ಮನೆಗಳಿಗೆ ಈ ಗಿಡ ಯಾಕೆ ಬೇಕು? ನಮ್ಮಲ್ಲಿ ದಸರಾದಿಂದ ದೀಪಾವಳಿಯವರೆಗೆ ಬಾಗಿಲಿಗೆ ಕಟ್ಟುವ ಚೆಂಡು ಹೂವು ಅಕ್ಟೋಬರ್ ಬಿಸಿಲಿಗೆ ಎರಡೇ ದಿನದಲ್ಲಿ ಬಾಡುತ್ತದೆ. ಈ ಕಡ್ಡಿ ಹಸಿಯಾಗಿದ್ದಾಗ ಮೂರು ವಾರ, ಸರಿಯಾಗಿ ಒಣಗಿಸಿದರೆ ತಿಂಗಳುಗಟ್ಟಲೆ ನಿಲ್ಲುತ್ತದೆ. ಬದನೆ ಬೆಳೆದು ಗೊತ್ತಿರುವವರಿಗೆ ಇದು ಹೊಸ ವಿದ್ಯೆಯೇನೂ ಅಲ್ಲ. ಆದರೂ ಎರಡು ಕಡೆ ಎಡವುವವರು ಬಹಳ: ಒಂದು ಬಿತ್ತುವ ದಿನ, ಇನ್ನೊಂದು ಎರೆಭೂಮಿಯಲ್ಲಿ, ಅಂದರೆ ಕಪ್ಪು ಜಿಗುಟು ಮಣ್ಣಿನಲ್ಲಿ, ನಿಲ್ಲುವ ನೀರು. ಈ ಎರಡನ್ನು ಗೆದ್ದರೆ ಉಳಿದದ್ದು ಸುಲಭ.

ಬೀಜ: ಕೊಳ್ಳುವಾಗಲೇ ನೋಡಬೇಕಾದ್ದು

ಆನ್‌ಲೈನ್ ಬೀಜದಂಗಡಿಗಳಲ್ಲಿ ಇದು ಸಿಗುತ್ತದೆ. ಪೊಟ್ಟಣದ ಮೇಲೆ ಸೊಲ್ಯಾನಮ್ ಈಥಿಯೋಪಿಕಮ್ ಎಂದೋ, ಹಳೆಯ ಹೆಸರಾದ ಸೊಲ್ಯಾನಮ್ ಇಂಟೆಗ್ರಿಫೋಲಿಯಮ್ ಎಂದೋ ಇರಬೇಕು. ಬೀಜ ಥೇಟ್ ಬದನೆ ಬೀಜದಂತೆ ಚಪ್ಪಟೆ, ತಿಳಿ ಹಳದಿ, ಎರಡು ಮೂರು ಮಿಲಿಮೀಟರ್ ಅಗಲ. ಪೊಟ್ಟಣ ಬಿಚ್ಚಿದಾಗ ಉಗುರಿನಷ್ಟು ದೊಡ್ಡ ಬಿಳಿ ಬೀಜ ಕಂಡರೆ ಅದು ನಿಜವಾದ ಕುಂಬಳದ ಬೀಜ, ವಾಪಸ್ ಕಳಿಸಿ.

ಇನ್ನೊಂದು ಗೊಂದಲ ಇದಕ್ಕಿಂತ ಅಪಾಯಕಾರಿ. ಹಳದಿ ಕಾಯಿಯ ಬುಡದಲ್ಲಿ ಮೊಲೆತೊಟ್ಟಿನಂಥ ಉಬ್ಬುಗಳಿರುವ ಸೊಲ್ಯಾನಮ್ ಮ್ಯಾಮೋಸಮ್ ಎಂಬ ಗಿಡವೂ ಅಲಂಕಾರದ ಹೆಸರಲ್ಲಿ ಮಾರಾಟವಾಗುತ್ತದೆ. ಅದರ ಹಣ್ಣು ವಿಷ. ಸಣ್ಣ ಮಕ್ಕಳಿರುವ ಮನೆಗೆ ಅದು ಬೇಡ.

ಒಂದು ಮನೆಗೆ ಆರು ಗಿಡ ಧಾರಾಳ. ಒಂದೊಂದು ಗಿಡದಿಂದ ಮೂರರಿಂದ ಐದು ಒಳ್ಳೆಯ ಕಡ್ಡಿ ಸಿಗುತ್ತವೆ. ಬಾಗಿಲ ಎರಡು ಬದಿಗೆ ಮತ್ತು ಪಡಸಾಲೆಯ ಒಂದು ದೊಡ್ಡ ಕೊಡಕ್ಕೆ ಹನ್ನೆರಡರಿಂದ ಹದಿನೈದು ಕಡ್ಡಿ ಸಾಕು. ಆದರೂ ಬಿತ್ತುವಾಗ ಹನ್ನೆರಡು ಬೀಜ ಹಾಕಿ, ಗಟ್ಟಿಯಾದ ಆರನ್ನು ಆರಿಸಿಕೊಳ್ಳಿ.

ದಿನದ ಲೆಕ್ಕ: ಹಬ್ಬದಿಂದ ಹಿಂದಕ್ಕೆ ಎಣಿಸಿ

ಬೀಜದಿಂದ ನಾಟಿಗೆ ಸುಮಾರು 35 ದಿನ. ನಾಟಿಯಿಂದ ಕಾಯಿ ಬಣ್ಣ ತಿರುಗುವವರೆಗೆ 80ರಿಂದ 90 ದಿನ. ಒಟ್ಟು ಸುಮಾರು 125 ದಿನ. ದಸರಾ ಅಕ್ಟೋಬರ್ 20ರ ಆಸುಪಾಸು ಬರುವ ವರ್ಷ ಜೂನ್ 17ರೊಳಗೆ ಬೀಜ ಟ್ರೇಯಲ್ಲಿರಬೇಕು. ಮೃಗಶಿರಾ ಮಳೆ ನಡೆದಿರುವಾಗಲೇ ಬಿತ್ತಿ ಎಂದು ನೆನಪಿಟ್ಟುಕೊಂಡರೂ ಆದೀತು. ದಸರಾ ಬೇಗ ಬರುವ ವರ್ಷ ಅಷ್ಟೇ ದಿನ ಮೊದಲು. ದೀಪಾವಳಿಗೆ ಹಸಿ ಕಡ್ಡಿಯೇ ಬೇಕೆಂದರೆ ಎರಡು ಮೂರು ವಾರ ಬಿಟ್ಟು ಎರಡನೆಯ ಕಂತು ಬಿತ್ತಿ. ಒಣಗಿದ್ದು ಸಾಕೆಂದರೆ ದಸರೆಯ ಕಂತಿನದ್ದನ್ನೇ ಒಣಗಿಸಿ ದೀಪಾವಳಿಗೆ ಬಳಸಬಹುದು. ಈ ಎರಡನೆಯ ದಾರಿಯೇ ನಮಗೆ ಹೆಚ್ಚು ಒಪ್ಪಿಗೆ, ಕೆಲಸ ಅರ್ಧ ಉಳಿಯುತ್ತದೆ.

‘ಮುಂಚೆ ಬಿತ್ತಿದರೆ ಮುಂಚೆ ಬರುತ್ತದೆ’ ಎಂದು ಫೆಬ್ರವರಿಯಲ್ಲಿ ಬಿತ್ತುವವರಿದ್ದಾರೆ. ಗಿಡ ಹೂ ಬಿಡುವ ಹೊತ್ತಿಗೆ ಏಪ್ರಿಲ್, ಮೇ ತಿಂಗಳ 40 ಡಿಗ್ರಿ ಬಿಸಿಲು. 35 ಡಿಗ್ರಿ ದಾಟಿದರೆ ಬದನೆ ಕುಟುಂಬದ ಪರಾಗ ಸೊರಗುತ್ತದೆ, ಹೂವು ತೊಟ್ಟು ಸಮೇತ ಉದುರುತ್ತದೆ. ಗಿಡ ಸಾಯುವುದಿಲ್ಲ, ಕಾಯಿ ಮಾತ್ರ ಹಿಡಿಯುವುದಿಲ್ಲ. ಗೊಬ್ಬರ ಕಡಿಮೆಯಾಯಿತೆಂದು ತಿಳಿದು ಯೂರಿಯಾ ಸುರಿದರೆ ಎಲೆ, ಮುಳ್ಳು ಎರಡೂ ಹೆಚ್ಚುತ್ತವೆ.

ಸಸಿ ಮಾಡುವುದು

1. ಬೀಜವನ್ನು ಒಂದು ರಾತ್ರಿ ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ. ಬೆಳಿಗ್ಗೆ ಟ್ರೈಕೋಡರ್ಮಾ (ಕೊಳೆರೋಗ ತಡೆಯುವ ಉಪಕಾರಿ ಶಿಲೀಂಧ್ರ) ಪುಡಿಯನ್ನು ಒಂದು ಚಿಟಿಕೆ ಹಚ್ಚಿ ನೆರಳಲ್ಲಿ ಹತ್ತು ನಿಮಿಷ ಆರಿಸಿ.
2. ಮೆಣಸಿನ ಸಸಿಗೆ ಬಳಸುವ 98 ಕುಳಿಯ ಪ್ಲಾಸ್ಟಿಕ್ ಟ್ರೇ (ಪ್ರೋಟ್ರೇ) ಸಾಕು. ತೊಳೆದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮೂರು ಪಾಲು, ಜರಡಿ ಹಿಡಿದ ಎರೆಗೊಬ್ಬರ ಒಂದು ಪಾಲು. ಬೀಜ ಅರ್ಧ ಸೆಂಟಿಮೀಟರ್ ಆಳಕ್ಕೆ, ಅದಕ್ಕಿಂತ ಕೆಳಗೆ ಬೇಡ.
3. ಮೊಳಕೆಗೆ 8ರಿಂದ 14 ದಿನ. ಟೊಮೆಟೊ ನಾಲ್ಕೈದು ದಿನಕ್ಕೆ ಮೇಲೆದ್ದಿತು, ಇದು ಯಾಕೆ ಏಳಲಿಲ್ಲ ಎಂದು ಕೆದಕಿ ನೋಡಬೇಡಿ. ಟ್ರೇಯನ್ನು ಶೇ. 50ರ ನೆರಳು ಪರದೆಯಡಿ ಇಡಿ. ಜೂನ್ ಮೊದಲರ್ಧದ ಬಿಸಿಲಿಗೆ ಕಪ್ಪು ಟ್ರೇ ಕಾದು ಮೊಳಕೆ ಬೇಯುತ್ತದೆ.
4. ನೀರು ಬೆಳಿಗ್ಗೆ ಒಮ್ಮೆ ಮಾತ್ರ. ಸಂಜೆ ನೀರು ಹಾಕಿ ಟ್ರೇ ರಾತ್ರಿಯಿಡೀ ತೊಯ್ದಿದ್ದರೆ ಸಸಿ ಬುಡದಲ್ಲಿ ಕೊಳೆತು ಮಗುಚಿ ಬೀಳುತ್ತದೆ.
5. ನಾಲ್ಕೈದು ಎಲೆ, 10ರಿಂದ 12 ಸೆಂಟಿಮೀಟರ್ ಎತ್ತರ ಬಂದಾಗ ಐದು ದಿನ ಬಿಸಿಲಿಗೆ ರೂಢಿ ಮಾಡಿ: ಮೊದಲ ದಿನ ಎರಡು ತಾಸು, ಐದನೆಯ ದಿನ ಇಡೀ ದಿನ.

ನೆಲ: ಕೆಂಪು ಮಣ್ಣಿಗೆ ಒಂದು ರೀತಿ, ಎರೆಗೆ ಇನ್ನೊಂದು

ಸಂಡೂರು, ಕುಷ್ಟಗಿ ಕಡೆಯ ಕೆಂಪು ಮಣ್ಣಿನಲ್ಲಿ ಒಂದೂವರೆ ಅಡಿ ಚೌಕ, ಒಂದು ಅಡಿ ಆಳದ ಗುಂಡಿ ತೆಗೆದು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 2 ಕೆಜಿ, ಬೇವಿನ ಹಿಂಡಿ 100 ಗ್ರಾಂ ಬೆರೆಸಿ ನಾಟಿ ಮಾಡಿದರೆ ಮುಗಿಯಿತು.

ರಾಯಚೂರು, ಸಿಂಧನೂರು, ಬಳ್ಳಾರಿ ಸುತ್ತಲಿನ ಎರೆಭೂಮಿಯಲ್ಲಿ ಗುಂಡಿಯೇ ಗಿಡಕ್ಕೆ ಕಂಟಕ. ನಮ್ಮ ಮೂರೂ ಜಿಲ್ಲೆಗಳಲ್ಲಿ ವರ್ಷದ ಹೆಚ್ಚಿನ ಮಳೆ ಬರುವುದು ಸೆಪ್ಟೆಂಬರ್‌ನಲ್ಲಿ. ಆಗ ಗಿಡದ ತುಂಬ ಕಾಯಿ. ಉತ್ತರಿ, ಹಸ್ತ ಮಳೆ ಎರಡು ದಿನ ಹಿಡಿದು ಸುರಿದರೆ ಎರೆಯಲ್ಲಿ ತೋಡಿದ ಗುಂಡಿ ಬಟ್ಟಲಿನಂತಾಗಿ ನೀರು ನಿಲ್ಲುತ್ತದೆ. ಬೇರಿಗೆ ಗಾಳಿಯಾಡದೆ ಗಿಡ ಒಂದೇ ಮಧ್ಯಾಹ್ನಕ್ಕೆ ಜೋಲುಬೀಳುತ್ತದೆ. ಜೋತ ಗಿಡ ಕಂಡ ಮನೆಯವರು ನೀರಡಿಕೆಯೆಂದು ಮತ್ತೆ ನೀರು ಹಾಕುತ್ತಾರೆ, ಗಿಡ ಅಲ್ಲಿಗೆ ಮುಗಿಯುತ್ತದೆ. ಬೆರಳು ಎರಡು ಅಂಗುಲ ಮಣ್ಣಿಗಿಳಿಸಿ ನೋಡಿ: ತೇವವಿದ್ದೂ ಗಿಡ ಜೋತಿದ್ದರೆ ಬೇಕಾದ್ದು ನೀರಲ್ಲ, ನೀರು ಹೊರಹೋಗುವ ಕಾಲುವೆ.

ಆದ್ದರಿಂದ ಎರೆಯಲ್ಲಿ ಒಂದು ಅಡಿ ಎತ್ತರ, ಎರಡೂವರೆ ಅಡಿ ಅಗಲದ ಏರುಮಡಿ ಕಟ್ಟಿ. ಒಂದು ಪಾಲು ಎರೆ, ಒಂದು ಪಾಲು ಕೆಂಪು ಮಣ್ಣು ಅಥವಾ ಗರಸು (ಹರಳು ಮಣ್ಣು), ಒಂದು ಪಾಲು ಗೊಬ್ಬರ. ಗಂಗಾವತಿ, ಕಾರಟಗಿ, ಸಿಂಧನೂರಿನ ಅಕ್ಕಿ ಗಿರಣಿಗಳಲ್ಲಿ ಭತ್ತದ ಹೊಟ್ಟು ಬೇಕಾದಷ್ಟು ಸಿಗುತ್ತದೆ. ಹಸಿ ಹೊಟ್ಟನ್ನು ಮಡಿಗೆ ಬೆರೆಸಿದರೆ ಮಣ್ಣು ಸಡಿಲಾಗುತ್ತದೆ. ಸುಟ್ಟ ಬೂದಿಯನ್ನು ಮಾತ್ರ ಎರೆಗೆ ಹಾಕಬೇಡಿ. ಎರೆ ಮೊದಲೇ ಕ್ಷಾರ, ಬೂದಿಯಿಂದ ಅದು ಇನ್ನೂ ಏರುತ್ತದೆ. ಆಗ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕದೆ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯುತ್ತದೆ. ಹಾಗೆ ಕಂಡರೆ ಲೀಟರ್ ನೀರಿಗೆ ಫೆರಸ್ ಸಲ್ಫೇಟ್ 5 ಗ್ರಾಂ, ಸಿಟ್ರಿಕ್ ಆಮ್ಲ 1 ಗ್ರಾಂ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ, ಹತ್ತು ದಿನ ಬಿಟ್ಟು ಮತ್ತೊಮ್ಮೆ.

ಗಿಡದಿಂದ ಗಿಡಕ್ಕೆ ಎರಡು ಅಡಿ, ಸಾಲಿಗೆ ಎರಡೂವರೆ ಅಡಿ. ಹತ್ತಿರ ಹಚ್ಚಿದರೆ ಕೊಯ್ಯುವಾಗ ಮುಳ್ಳಿನ ನಡುವೆ ಕೈ ಹೋಗುವುದಿಲ್ಲ.

ಮಾಳಿಗೆ ಮೇಲೆ ಕುಂಡದಲ್ಲಿ ಬೆಳೆಯುವವರು 15 ಅಂಗುಲಕ್ಕಿಂತ ಚಿಕ್ಕ ಕುಂಡ ಹಿಡಿಯಬೇಡಿ. ಸುಮಾರು 25 ಲೀಟರ್‌ನ ಗ್ರೋಬ್ಯಾಗ್ ಒಳ್ಳೆಯದು. ಕೆಂಪು ಮಣ್ಣು ಎರಡು ಪಾಲು, ಗೊಬ್ಬರ ಒಂದು, ಭತ್ತದ ಹೊಟ್ಟು ಅಥವಾ ಮರಳು ಒಂದು. ಬೋರ್‌ವೆಲ್ ನೀರು ಉಪ್ಪಾಗಿರುವ ಊರುಗಳಲ್ಲಿ ಕುಂಡದ ಅಂಚಿಗೆ ಬಿಳಿ ಪದರ ಕಟ್ಟುತ್ತದೆ, ಎಲೆಯ ತುದಿ ಸುಡುತ್ತದೆ. ಹದಿನೈದು ದಿನಕ್ಕೊಮ್ಮೆ, ಸಾಧ್ಯವಾದರೆ ಮಳೆ ನೀರನ್ನು, ಕೆಳಗಿನ ತೂತಿನಿಂದ ಧಾರಾಳವಾಗಿ ಹರಿದುಹೋಗುವಷ್ಟು ಸುರಿದು ಉಪ್ಪು ತೊಳೆಯಿರಿ.

ನೆಟ್ಟ ದಿನವೇ ಊರುಗೋಲು

ಜುಲೈ ನಡುವಿಗೆ ಸಸಿ ಮಡಿಗೆ ಹೋಗುತ್ತದೆ, ಅದೇ ಹೊತ್ತಿಗೆ ಆಷಾಢದ ಗಾಳಿ. ತರಕಾರಿ ಬದನೆ ಗಾಳಿಗೆ ಬಾಗಿದರೆ ನಷ್ಟವಿಲ್ಲ, ಕಾಯಿ ಕಾಯಿಯೇ. ಇಲ್ಲಿ ನಮಗೆ ಬೇಕಾದ್ದು ನೆಟ್ಟಗಿನ ಕಡ್ಡಿ. ಎಳೆಯದಿದ್ದಾಗ ಸೊಟ್ಟಗಾದ ಕಾಂಡ ಕಟ್ಟಿಗೆಯಾಗಿ ಬಲಿತ ಮೇಲೆ ನೆಟ್ಟಗಾಗುವುದೇ ಇಲ್ಲ. ನಾಲ್ಕು ಅಡಿ ಬಿದಿರು ಕೋಲನ್ನು ನಾಟಿಯ ದಿನವೇ ಒಂದು ಅಡಿ ಆಳಕ್ಕೆ ಊರಿ (ಆಮೇಲೆ ಊರಿದರೆ ಬೇರು ಕತ್ತರಿಸುತ್ತದೆ), ಹಳೆ ಸೀರೆಯ ಪಟ್ಟಿಯಿಂದ ಎಂಟರ ಆಕಾರದಲ್ಲಿ ಸಡಿಲವಾಗಿ ಕಟ್ಟಿ. ಗಿಡ ಒಂದು ಅಡಿ ಏರಿದಾಗಲೆಲ್ಲ ಇನ್ನೊಂದು ಕಟ್ಟು.

ಬುಡದಿಂದ 20 ಸೆಂಟಿಮೀಟರ್‌ವರೆಗೆ ಬರುವ ಪಕ್ಕದ ಚಿಗುರುಗಳನ್ನು ಎಳೆಯದಿರುವಾಗಲೇ ಕಿತ್ತುಬಿಡಿ. ಮೇಲೆ ನಾಲ್ಕೈದು ಗಟ್ಟಿ ರೆಂಬೆ ಉಳಿಸಿಕೊಂಡರೆ ಸಾಕು. ರೆಂಬೆ ಹೆಚ್ಚಾದಷ್ಟೂ ಒಂದೊಂದರ ಮೇಲಿನ ಕಾಯಿ ಚಿಕ್ಕದಾಗುತ್ತದೆ.

ನೀರು, ಗೊಬ್ಬರ

ಮಳೆ ಇಲ್ಲದಾಗ ಮೂರು ದಿನಕ್ಕೊಮ್ಮೆ ಗಿಡಕ್ಕೆ 3ರಿಂದ 4 ಲೀಟರ್. ಕುಂಡಕ್ಕೆ ದಿನಾ ಒಂದೂವರೆ ಲೀಟರ್. ನಾಟಿಯಾಗಿ ಮೂರು ವಾರಕ್ಕೆ 19:19:19 ಗೊಬ್ಬರವನ್ನು (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲು) ಲೀಟರ್‌ಗೆ 5 ಗ್ರಾಂನಂತೆ ಕರಗಿಸಿ ಪ್ರತಿ ಗಿಡದ ಬುಡಕ್ಕೆ ಅರ್ಧ ಲೀಟರ್. ಹೂವು ಕಂಡ ಮೇಲೆ ಸಾರಜನಕ ನಿಲ್ಲಿಸಿ, 0:0:50 ಪೊಟ್ಯಾಷನ್ನು ಲೀಟರ್‌ಗೆ 5 ಗ್ರಾಂನಂತೆ ಹದಿನೈದು ದಿನದ ಅಂತರದಲ್ಲಿ ಎರಡು ಬಾರಿ ಎಲೆಗೆ ಸಿಂಪಡಿಸಿ. ಕಾಂಡ ಗಟ್ಟಿಯಾಗುತ್ತದೆ, ಕಾಯಿಯ ಬಣ್ಣ ಗಾಢವಾಗುತ್ತದೆ.

ತುದಿ ಚಿವುಟುವುದು

ಇದನ್ನು ಬಿಟ್ಟವರ ಕಡ್ಡಿ ಎಂದೂ ಚೆಂದ ಬರುವುದಿಲ್ಲ. ಕಾಯಿ ಹಣ್ಣಾಗುವುದು ಕೆಳಗಿನಿಂದ ಮೇಲಕ್ಕೆ. ಗಿಡವನ್ನು ಅದರ ಪಾಡಿಗೆ ಬಿಟ್ಟರೆ ಕೆಳಗಿನ ಕಾಯಿ ಕೆಂಪಾಗಿ ಮೆತ್ತಗಾಗುವ ಹೊತ್ತಿಗೆ ತುದಿಯಲ್ಲಿ ಇನ್ನೂ ಹೂವು, ಬಟಾಣಿ ಗಾತ್ರದ ಕಾಯಿ. ಅವು ಒಣಗಿದಾಗ ಸುಕ್ಕಾಗಿ ಕರ್ರಗೆ ನೇತಾಡುತ್ತವೆ. ಹಬ್ಬಕ್ಕೆ ಐದಾರು ವಾರ ಮೊದಲು, ಅಂದರೆ ಸೆಪ್ಟೆಂಬರ್ ಎರಡನೆಯ ವಾರದ ಸುಮಾರಿಗೆ, ಪ್ರತಿ ರೆಂಬೆಯ ತುದಿ ಚಿವುಟಿ. ಒಂದು ರೆಂಬೆಗೆ ಎಂಟರಿಂದ ಹನ್ನೆರಡು ಕಾಯಿ ಉಳಿಯಲಿ. ಆಮೇಲೆ ಬರುವ ಹೂವನ್ನೆಲ್ಲ ತೆಗೆಯಿರಿ, ಎಷ್ಟೇ ಆಸೆಯಾದರೂ.

ಕಾಟ ಕೊಡುವವು

ಬದನೆಗೆ ಬರುವ ಕೀಟಗಳೇ ಇದಕ್ಕೂ ಬರುತ್ತವೆ. ಸುತ್ತ ಮೆಣಸಿನಕಾಯಿ, ಹತ್ತಿ ಹೊಲಗಳಿದ್ದರೆ ಬಿಳಿನೊಣ, ಥ್ರಿಪ್ಸ್ ಅಲ್ಲಿಂದಲೂ ಹಾರಿಬರುತ್ತವೆ.

ಎಲ್ಲಕ್ಕಿಂತ ದೊಡ್ಡ ಶತ್ರು ಕುಡಿ ಮತ್ತು ಕಾಯಿ ಕೊರಕ. ಮೊದಲು ಕುಡಿ ಬಾಡಿ ಕೆಳಗೆ ಬಾಗುತ್ತದೆ. ಸೀಳಿ ನೋಡಿದರೆ ಒಳಗೆ ತಿಳಿ ಗುಲಾಬಿ ಬಣ್ಣದ ಹುಳು. ತಿನ್ನುವ ಬದನೆಯಾದರೆ ಹುಳುಕು ಭಾಗ ಕತ್ತರಿಸಿ ಸಾರು ಮಾಡಬಹುದು. ಇಲ್ಲಿ ಒಂದೇ ತೂತು ಬಿದ್ದರೂ ಕಾಯಿ ಒಳಗಿನಿಂದ ಕೊಳೆತು, ಒಣಗಿಸುವಾಗ ಕುಸಿದು, ಪಕ್ಕದ ಕಾಯಿಗೂ ಬೂಸ್ಟು ಹಚ್ಚುತ್ತದೆ. ಬಾಡಿದ ಕುಡಿಯನ್ನು ಒಂದು ಅಂಗುಲ ಕೆಳಗಿನಿಂದ ಕತ್ತರಿಸಿ ಸೋಪಿನ ನೀರಲ್ಲಿ ಮುಳುಗಿಸಿ. ಬದನೆ ಕೊರಕದ ಗಂಡು ಪತಂಗಗಳನ್ನು ವಾಸನೆಯಿಂದ ಸೆಳೆದು ಹಿಡಿಯುವ ಲಿಂಗಾಕರ್ಷಕ ಬಲೆ ಒಂದನ್ನು ಗಿಡದ ನೆತ್ತಿಗಿಂತ ಸ್ವಲ್ಪ ಮೇಲೆ ತೂಗುಹಾಕಿ. ಹೂವು ಬಂದಾಗಿನಿಂದ ಹತ್ತು ದಿನಕ್ಕೊಮ್ಮೆ ಶೇ. 5ರ ಬೇವಿನ ಬೀಜದ ಕಷಾಯ: 50 ಗ್ರಾಂ ಬೀಜದ ಪುಡಿಯನ್ನು ಒಂದು ಲೀಟರ್ ನೀರಲ್ಲಿ ರಾತ್ರಿ ನೆನೆಸಿ, ಸೋಸಿ, ಸ್ವಲ್ಪ ಸೋಪು ಬೆರೆಸಿ ಅವತ್ತೇ ಸಿಂಪಡಿಸಬೇಕು. ಹಾವಳಿ ಮಿತಿ ಮೀರಿದರೆ ಎಮಾಮೆಕ್ಟಿನ್ ಬೆಂಜೋಯೇಟ್ 5 ಎಸ್‌ಜಿ ಎಂಬ ಕೀಟನಾಶಕ, ಲೀಟರ್‌ಗೆ 0.4 ಗ್ರಾಂ, ಸಂಜೆ ಹೊತ್ತು, ಕೈಗವಸು ಮತ್ತು ಮುಖಗವಸು ಹಾಕಿಕೊಂಡು.

ಮಳೆ ಬಿಡುವು ಕೊಟ್ಟು ಬಿಸಿಲು ಚುರುಕಾದಾಗ ಎಲೆಯಡಿ ಕೆಂಪು ನುಸಿ ಬಲೆ ಕಟ್ಟುತ್ತದೆ. ಎಲೆಯಡಿಗೆ ರಭಸದ ನೀರು ಹೊಡೆದರೆ ಅರ್ಧ ಹೋಗುತ್ತದೆ, ಉಳಿದದ್ದಕ್ಕೆ ನೀರಲ್ಲಿ ಕರಗುವ ಗಂಧಕ ಲೀಟರ್‌ಗೆ 3 ಗ್ರಾಂ. ಎಲೆಗಳೆಲ್ಲ ಚಿಕ್ಕದಾಗಿ ಗುಚ್ಛ ಕಟ್ಟಿ ಹೂವೇ ಬಾರದಿದ್ದರೆ ಅದು ಕಿರುಎಲೆ ರೋಗ. ಜಿಗಿಹುಳು ಹರಡುವ ಈ ರೋಗಕ್ಕೆ ಔಷಧವಿಲ್ಲ. ಆ ಗಿಡವನ್ನು ಅಂದೇ ಕಿತ್ತು ಸುಡಿ, ಉಳಿದ ಐದನ್ನು ಉಳಿಸಿಕೊಳ್ಳಿ.

ಔಷಧ ಹೊಡೆದ ಗಿಡದ ಕಾಯಿ ಅಡುಗೆಗೆ ಬೇಡ. ಆಫ್ರಿಕಾ ಮತ್ತು ಆಗ್ನೇಯ ಏಷ್ಯಾದ ಅಡುಗೆಮನೆಗಳಲ್ಲಿ ಇದರ ಕಾಯಿ ಬಳಕೆಯಲ್ಲಿದೆ, ರುಚಿ ಕಹಿ. ಅಲಂಕಾರಕ್ಕೆ ಬೆಳೆದದ್ದು ಅಲಂಕಾರಕ್ಕೇ ಇರಲಿ. ಎಲೆಯನ್ನು ಆಡು, ಕುರಿಗಳ ಬಾಯಿಗೂ ಸಿಗದಂತೆ ನೋಡಿಕೊಳ್ಳಿ.

ಕೊಯ್ಲು

ಹತ್ತರಲ್ಲಿ ಎಂಟು ಕಾಯಿ ಕಿತ್ತಳೆಗೆ ತಿರುಗಿ, ತುದಿಯವು ಪೂರ್ಣ ಗಾತ್ರಕ್ಕೆ ಬಂದು ಹಸಿರು ಮಾಸುತ್ತಿರುವಾಗ ಕತ್ತರಿಸಬೇಕು. ಪೂರ್ಣ ಬೆಳೆದ ಹಸಿರು ಕಾಯಿ ಕತ್ತರಿಸಿದ ಮೇಲೂ ಬಣ್ಣ ತಿರುಗುತ್ತದೆ, ಅರೆಬೆಳೆದದ್ದು ತಿರುಗುವುದಿಲ್ಲ. ಎಲ್ಲವೂ ಕಡುಗೆಂಪಾಗಲೆಂದು ಕಾದರೆ ಕೆಳಗಿನ ಕಾಯಿ ತೊಟ್ಟು ಬಿಡುತ್ತದೆ.

ಮಳೆ ನಿಂತು ಎರಡು ದಿನವಾದ ಮೇಲೆ, ಇಬ್ಬನಿ ಆರಿದ ಹೊತ್ತಿನಲ್ಲಿ ಕೊಯ್ಯಿರಿ. ದಪ್ಪ ಚರ್ಮದ ಕೈಗವಸು ಕಡ್ಡಾಯ. ಮುಳ್ಳು ಕಾಂಡದ ಮೇಲಷ್ಟೇ ಅಲ್ಲ, ಎಲೆಯ ನರದ ಮೇಲೂ ಇರುತ್ತದೆ. ಚೂಪಾದ ಕತ್ತರಿಯಿಂದ ರೆಂಬೆಯನ್ನು ಬುಡದಲ್ಲಿ ಓರೆಯಾಗಿ ಕತ್ತರಿಸಿ. ಹಸಿ ಎಲೆ ಕೀಳಲು ಹೋದರೆ ಸಿಪ್ಪೆಯೂ ಸುಲಿದು ಬರುತ್ತದೆ. ಎರಡು ದಿನ ನೆರಳಲ್ಲಿ ನೇತುಹಾಕಿ. ಎಲೆ ಬಾಡಿದ ಮೇಲೆ ಕೈಗವಸಿನಿಂದ ಕೆಳಮುಖವಾಗಿ ಸವರಿದರೆ ತಾವಾಗಿ ಉದುರುತ್ತವೆ.

ಒಣಗಿಸುವುದು

ಹಳೆ ಮಾಳಿಗೆ ಮನೆಯ ಪಡಸಾಲೆ ಇದಕ್ಕೆ ಹೇಳಿಮಾಡಿಸಿದ ಜಾಗ: ನೆರಳು, ಗಾಳಿ, ಕಟ್ಟಲು ತೊಲೆ. ಮೂರು ನಾಲ್ಕು ಕಡ್ಡಿಗಿಂತ ಹೆಚ್ಚು ಒಟ್ಟಿಗೆ ಕಟ್ಟದೆ, ಕಾಯಿಗೆ ಕಾಯಿ ತಾಗದಂತೆ ತಲೆಕೆಳಗಾಗಿ ತೂಗಿಬಿಡಿ. ಎರಡರಿಂದ ಮೂರು ವಾರ. ಆರ್‌ಸಿಸಿ ಮನೆಯಲ್ಲಿ ಕಿಟಕಿಯಿರುವ ಕೋಣೆ, ಚಿತ್ತಿ ಮಳೆಯ ಮೋಡ ಕವಿದ ದಿನಗಳಲ್ಲಿ ಫ್ಯಾನ್. ಬಿಸಿಲಿಗೆ ಇಟ್ಟರೆ ಬೇಗ ಒಣಗುತ್ತದೆ ನಿಜ, ಆದರೆ ಕಿತ್ತಳೆ ಬಿಳಚಿ ಕಂದಾಗುತ್ತದೆ. ನೆರಳಲ್ಲಿ ಒಣಗಿದ್ದು ಇಟ್ಟಿಗೆಗೆಂಪಿಗೆ ತಿರುಗಿ ಅಲ್ಲೇ ನಿಲ್ಲುತ್ತದೆ.

ವಾರಕ್ಕೆರಡು ಸಲ ಒಂದೊಂದೇ ಕಾಯಿ ಮುಟ್ಟಿ ನೋಡಿ. ಮೆತ್ತಗೆ ನೀರೂರಿದ್ದು, ಕಪ್ಪು ಚುಕ್ಕೆ ಹರಡುತ್ತಿರುವುದು ಇದ್ದರೆ ಕತ್ತರಿಸಿ ತೆಗೆಯಿರಿ. ಅಲುಗಿಸಿದಾಗ ಒಳಗಿನ ಬೀಜ ಗಲಗಲ ಎಂದರೆ ಪೂರ್ತಿ ಒಣಗಿದೆ. ಹೊಳಪಿಗೆ ವಾರ್ನಿಷ್ ಸ್ಪ್ರೇ ಹೊಡೆಯುವುದಾದರೆ ಆಮೇಲೆಯೇ. ಹಸಿಯಿದ್ದಾಗ ಹೊಡೆದರೆ ತೇವ ಒಳಗೇ ಉಳಿದು ವಾರದಲ್ಲಿ ಕೊಳೆಯುತ್ತದೆ. ನಮ್ಮ ಕಣ್ಣಿಗೆ ವಾರ್ನಿಷ್ ಇಲ್ಲದ ಕಾಯಿಯೇ ಚೆಂದ.

ಮನೆಯಲ್ಲಿ ಎಲ್ಲೆಲ್ಲಿ

ಪಡಸಾಲೆಯ ಮೂಲೆಗೆ ತಾಮ್ರದ ಕೊಡ ಅಥವಾ ಮಣ್ಣಿನ ಹರವಿ ಇಟ್ಟು, ಅದರಲ್ಲಿ ಏಳರಿಂದ ಒಂಬತ್ತು ಕಡ್ಡಿ ಬೇರೆ ಬೇರೆ ಎತ್ತರಕ್ಕೆ ಕತ್ತರಿಸಿ ನಿಲ್ಲಿಸಿ. ಕಾಯಿ ತುಂಬಿದ ಕಡ್ಡಿ ಭಾರ, ಖಾಲಿ ಕೊಡ ಉರುಳುತ್ತದೆ. ಮೊದಲು ಎರಡು ಮೂರು ಕೆಜಿ ಒಣ ಮರಳು ತುಂಬಿ. ನೀರು ಹಾಕಬೇಡಿ, ಹಸಿ ಕಡ್ಡಿಗೂ ಬೇಡ: ಬುಡ ಕೊಳೆತು ವಾಸನೆ ಬರುತ್ತದೆ. ಈ ಹೊತ್ತಿಗೆ ಹೊಲದಲ್ಲಿ ಸಜ್ಜೆ, ನವಣೆ ಕೊಯ್ಲು ನಡೆದಿರುತ್ತದೆ. ನಾಲ್ಕು ಸಜ್ಜೆ ತೆನೆ, ಒಂದು ಹಿಡಿ ನವಣೆ ತೆನೆ ನಡುವೆ ಸೇರಿಸಿದರೆ ಕಿತ್ತಳೆಯ ಪಕ್ಕ ಬೂದು ಮತ್ತು ಹೊನ್ನಿನ ಬಣ್ಣ ಎಷ್ಟು ಒಪ್ಪುತ್ತದೆಂದು ನೋಡಿಯೇ ತಿಳಿಯಬೇಕು.

ಬಾಗಿಲ ತೋರಣಕ್ಕೆ ಮುಳ್ಳು ಕಡ್ಡಿ ಬೇಡ, ಬರುವವರ ತಲೆಗೆ ತಾಗುತ್ತದೆ. ಬಿಡಿ ಕಾಯಿಗಳನ್ನು ತೊಟ್ಟು ಸಮೇತ ತೆಗೆದು, ತೊಟ್ಟಿಗೆ ತೆಳು ತಂತಿ ಸುತ್ತಿ, ಮಾವಿನೆಲೆ ಸಾಲಿನಲ್ಲಿ ಗೇಣಿಗೊಂದರಂತೆ ಕಟ್ಟಿ. ನವರಾತ್ರಿಗೆ ಕಿನ್ನಾಳದ ಮರದ ಗೊಂಬೆ ಜೋಡಿಸುವ ಮನೆಗಳಲ್ಲಿ ಬಿಡಿ ಕಾಯಿಗಳನ್ನು ಪುಟ್ಟ ಬುಟ್ಟಿಗೆ ತುಂಬಿ ಗೊಂಬೆಗಳ ಮುಂದೆ ಇಟ್ಟರೆ ಅಳತೆ ಸರಿಹೊಂದುತ್ತದೆ. ಬಲಿಪಾಡ್ಯಮಿಯ ಸಗಣಿ ಪಾಂಡವರಿಗೆ ಮಾತ್ರ ಉತ್ತರಾಣಿ, ಪುಂಡಿ ಹೂವೇ ಇರಲಿ. ಅಲ್ಲಿ ಹೊಸದು ತೂರಿಸುವ ಅಗತ್ಯ ಕಾಣುವುದಿಲ್ಲ.

ದೀಪಾವಳಿಯಲ್ಲಿ ಒಂದು ಎಚ್ಚರ: ಒಣಗಿದ ಕಡ್ಡಿ ಬೆಂಕಿ ಬೇಗ ಹಿಡಿಯುತ್ತದೆ. ಹಣತೆಯಿಂದ ಕನಿಷ್ಠ ಮೂರು ಅಡಿ ದೂರ. ಪಟಾಕಿ ಹಾರಿಸುವ ಅಂಗಳದಲ್ಲಿ ಇಡಲೇಬೇಡಿ.

ಮುಂದಿನ ವರ್ಷಕ್ಕೆ

ಬೀಜಕ್ಕೆ ಆರೋಗ್ಯವಂತ ಗಿಡದ ಎರಡು ಕಾಯಿಯನ್ನು ಗಿಡದಲ್ಲೇ ಕಡುಗೆಂಪಾಗುವವರೆಗೆ ಬಿಡಿ. ಒಡೆದು, ತಿರುಳು ಸಮೇತ ಒಂದು ದಿನ ನೀರಲ್ಲಿ ನೆನೆಸಿ, ತಿಕ್ಕಿ ತೊಳೆದು, ಮುಳುಗಿದ ಬೀಜ ಮಾತ್ರ ಆರಿಸಿ ಐದು ದಿನ ನೆರಳಲ್ಲಿ ಒಣಗಿಸಿ. ಕಾಗದದ ಪೊಟ್ಟಣ, ಅದರ ಮೇಲೆ ವರ್ಷ, ಬಿಗಿ ಮುಚ್ಚಳದ ಡಬ್ಬಿ.

ಗಿಡವನ್ನೂ ಕೊಯ್ಲಾದ ಕೂಡಲೇ ಕಿತ್ತು ಹಾಕಬೇಕಿಲ್ಲ. ನೆಲದಿಂದ ಒಂದು ಅಡಿಗೆ, ಎರಡು ಮೂರು ಜೀವಂತ ಕಣ್ಣು ಉಳಿಯುವಂತೆ ಕತ್ತರಿಸಿ, ಬುಡಕ್ಕೆ ಒಂದು ಕೆಜಿ ಗೊಬ್ಬರ ಕೊಟ್ಟು ನೀರು ಹಾಯಿಸಿದರೆ ನವೆಂಬರ್ ಕೊನೆಗೆ ಮತ್ತೆ ಚಿಗುರುತ್ತದೆ. ನಮ್ಮ ಕಡೆಯ ಚಳಿ ಅದನ್ನು ಕೊಲ್ಲುವಷ್ಟಿಲ್ಲ. ಈ ಎರಡನೆಯ ಬೆಳೆಯ ಕಾಯಿ ಚಿಕ್ಕದು, ಕಡ್ಡಿ ಗಿಡ್ಡ. ಮೇಜಿನ ಮೇಲಿನ ಸಣ್ಣ ಹೂದಾನಿಗೆ ಸರಿ. ಬಿಸಿಲು ಬಲಿಯುವ ಮಾರ್ಚ್‌ಗೆ ಗಿಡ ಕಿತ್ತು, ಅದೇ ಮಡಿಯಲ್ಲಿ ಮುಂದಿನ ಎರಡು ವರ್ಷ ಬದನೆ, ಟೊಮೆಟೊ, ಮೆಣಸಿನಕಾಯಿ ಹಚ್ಚದೆ ಅಲಸಂದೆ ಅಥವಾ ಮೆಂತ್ಯ ಹಾಕಿ.